ಜೆ.ಸಿ. ರಸ್ತೆಯ ಪೇಂಟಿಂಗ್ ಶೆಡ್ಡಿಗೆ ನಾಟಕದ ಶಿರಸ್ತ್ರಾಣ ಕೊಟ್ಟರೆ

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಕಾರಿನ ಡೆಂಟ್ ತೆಗೆದು ಬಣ್ಣ ಹೊಡೆಯುವ ಶೆಡ್ಡುಗಳು ಬೇಕಾದಷ್ಟಿವೆ. ನಾಟಕದ ಸಾಮಾನು ಒಯ್ದರೆ ಅವರು ಕೆಲಸ ಹಿಡಿಯುತ್ತಾರಾ, ಹಿಡಿದರೂ ನೆಟ್ಟಗೆ ಮಾಡಿಕೊಡುತ್ತಾರಾ ಎಂದು ಬೇರೆ ತಂಡಗಳ ಗೆಳೆಯರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಹಿಡಿಯುತ್ತಾರೆ, ಚೆನ್ನಾಗಿಯೂ ಮಾಡಿಕೊಡುತ್ತಾರೆ. ಆದರೆ ಎಲ್ಲ ಶೆಡ್ಡಿನವರೂ ಅಲ್ಲ. ನಾನು ಕೊಟ್ಟದ್ದು ಕಳಾಸಿಪಾಳ್ಯದ ಕಡೆಗೆ ತಿರುಗುವ ಗಲ್ಲಿಯಲ್ಲಿ, ಬೋರ್ಡೂ ಇಲ್ಲದ ಒಂದು ಶೆಡ್ಡಿಗೆ. ಒಬ್ಬ ಮೇಸ್ತ್ರಿ, ಕೈಕೆಳಗೆ ಇಬ್ಬರು ಹುಡುಗರು, ಒಂದು ಕಾಂಪ್ರೆಸರ್, ಬಣ್ಣ ಚಿಮ್ಮಿಸುವ ಎರಡು ಗನ್, ಹಗ್ಗಕ್ಕೆ ನೇತುಹಾಕಿದ ಒಂದಷ್ಟು ಬಂಪರ್. ಅಲ್ಲಿ ಏನಾಯಿತು, ಯಾವುದು ಇಷ್ಟವಾಯಿತು, ಯಾವುದು ಆಗಲಿಲ್ಲ ಎಂದು ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮದು ಹವ್ಯಾಸಿ ತಂಡ. ಅದರಲ್ಲಿ ವೇಷಭೂಷಣ ಮತ್ತು ರಂಗಪರಿಕರದ ಹೊಣೆ ನನ್ನದು. ಈ ಸಲ ಕೈಗೆತ್ತಿಕೊಂಡದ್ದು ಗ್ರೀಕ್ ದುರಂತ ನಾಟಕ, ಪ್ರದರ್ಶನ ರವೀಂದ್ರ ಕಲಾಕ್ಷೇತ್ರದಲ್ಲಿ. ದಂಡನಾಯಕನಿಗೆ ಕೊರಿಂಥಿಯನ್ ಮಾದರಿಯ ಶಿರಸ್ತ್ರಾಣ ಬೇಕಿತ್ತು. ಮೂಲದಲ್ಲಿ ಅದನ್ನು ಕಂಚಿನ ಒಂದೇ ತಗಡು ಬಡಿದು ಮಾಡುತ್ತಿದ್ದರು: ಬಾದಾಮಿಯಾಕಾರದ ಕಣ್ಣಿನ ಕಿಂಡಿ, ನಡುವೆ ಇಳಿಬಿದ್ದ ಮೂಗಿನ ಪಟ್ಟಿ, ಕೆನ್ನೆ ಮುಚ್ಚುವ ಎರಡು ರೆಕ್ಕೆ, ನೆತ್ತಿಯ ಮೇಲೆ ಕುದುರೆ ಕೂದಲಿನ ಜುಟ್ಟು. ಎಲ್ಲೂ ಮೂಲೆ ಮಡಿಕೆಗಳಿಲ್ಲ, ಹಣೆಯಿಂದ ಹಿಂಗತ್ತಿನವರೆಗೆ ಒಂದೇ ನುಣುಪಾದ ಬಾಗು. ಈ ನುಣುಪೇ ಬಣ್ಣ ಹೊಡೆಯುವವರಿಗೆ ಕಷ್ಟ. ಕೆತ್ತನೆ ಜಾಸ್ತಿ ಇರುವ ಕಿರೀಟದಲ್ಲಿ ಸಣ್ಣಪುಟ್ಟ ದೋಷ ಮುಚ್ಚಿಹೋಗುತ್ತದೆ. ಬೋಳು ಬಾಗಿನಲ್ಲಿ ಒಂದು ಗೀರು ಉಳಿದರೂ ರಂಗದ ಬದಿಯ ವಿಂಗಿನಿಂದ ಸೈಡ್ ಲೈಟ್ ಬಿದ್ದ ಕೂಡಲೇ ಮೂರನೇ ಸಾಲಿನವರಿಗೆ ಕಾಣುತ್ತದೆ.

ಇದನ್ನು ತ್ರೀಡಿ ಪ್ರಿಂಟ್ ಮಾಡಿಸಿದೆವು, ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ. ಪ್ರಿಂಟ್ ಜೊತೆಗೆ ಪ್ರೈಮರ್, ಪೇಂಟ್ ಎಲ್ಲ ಮುಗಿಸಿಯೇ ಕೊಡುತ್ತೇವೆ ಎಂದು ಮಾಡಿಕೊಟ್ಟವರು ಒಪ್ಪಿಕೊಂಡಿದ್ದರು. ಡಬ್ಬ ಬಿಚ್ಚಿ ನೋಡಿದಾಗ ದೂರದಿಂದ ಕಂಚಿನ ಹಾಗೇ ಇತ್ತು. ಹತ್ತಿರ ಹಿಡಿದರೆ ಬೇರೆಯೇ ಕಥೆ. ಸಾಮಾನ್ಯ ಪ್ರಿಂಟರುಗಳಲ್ಲಿ ಸಾಮಾನು ಮೂಡುವ ಹಾಸು 220 ಮಿಲಿಮೀಟರ್ ಚೌಕದಷ್ಟಿರುವುದರಿಂದ ಇಷ್ಟು ದೊಡ್ಡದನ್ನು ತುಂಡು ಮಾಡಿ ಪ್ರಿಂಟ್ ಹಾಕಿ ಅಂಟಿಸಿದ್ದರು. ಅಂಟಿನ ಗೆರೆ ಬಣ್ಣವನ್ನೇ ಸೀಳಿಕೊಂಡು ಮೇಲೆ ಬಂದಿತ್ತು. ಹಣೆಯ ಭಾಗದಲ್ಲಿ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಎಡಗೆನ್ನೆಯ ರೆಕ್ಕೆಯ ಮೇಲೆ ಸಾಸಿವೆ ಕಾಳಿನಷ್ಟು ಗುಂಡಗಿನ ಗುಳಿಗಳು, ಒಳಗಿನ ಬೂದು ಪ್ರೈಮರ್ ಇಣುಕುತ್ತಿತ್ತು. ಜುಟ್ಟಿನ ಗೂಟಕ್ಕೆ ಗುರುತು ಮಾಡಲೆಂದು ಮಾಸ್ಕಿಂಗ್ ಟೇಪ್ ಅಂಟಿಸಿ ಕಿತ್ತಾಗ, ಟೇಪಿನ ಜೊತೆ ಅಂಗೈಯಗಲ ಬಣ್ಣವೂ ಎದ್ದು ಬಂತು. ಕೊಟ್ಟವರು ಮತ್ತೊಂದು ಕೋಟ್ ಹೊಡೆದುಕೊಡುತ್ತೇವೆ ಎಂದರು. ಕೆಳಗಿನದೇ ನಿಂತಿಲ್ಲದ ಮೇಲೆ ಮತ್ತೊಂದು ಕೋಟ್ ಯಾವ ಆಧಾರದ ಮೇಲೆ ನಿಲ್ಲಬೇಕು? ಶಿರಸ್ತ್ರಾಣವನ್ನೂ ಕಿತ್ತುಬಂದ ಬಣ್ಣದ ಚೂರುಗಳನ್ನೂ ಚೀಲಕ್ಕೆ ಹಾಕಿಕೊಂಡು ಜೆ.ಸಿ. ರಸ್ತೆಗೆ ಹೋದೆ. ಕಲಾಕ್ಷೇತ್ರ ಇರುವುದೂ ಅದೇ ರಸ್ತೆಯಲ್ಲಿ. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ಆ ಕಟ್ಟಡದಿಂದ ಕೂಗಳತೆಯಲ್ಲೇ ಇಷ್ಟೊಂದು ಬಣ್ಣದ ಕೈಗಳಿದ್ದರೂ, ನಾಟಕದವರು ಅತ್ತ ಹೋಗುವುದು ಕಡಿಮೆ.

ಮೊದಲು ವಿಚಾರಿಸಿದ ಶೆಡ್ಡಿನವರು ಸಾಮಾನನ್ನು ಮುಟ್ಟಿಯೂ ನೋಡಲಿಲ್ಲ. "ಬಿಟ್ಟೋಗಿ ಮೇಡಂ, ಗೋಲ್ಡ್ ಹೊಡೆದು ಸಂಜೆಗೆ ಕೊಡ್ತೀವಿ" ಎಂದರು. ಅಲ್ಲಿಂದ ಹೊರಟೆ. ಈ ಮೇಸ್ತ್ರಿ ಕೇಳಿದ ಮೊದಲ ಮಾತೇ ಬೇರೆ.

"ಇದು ಗಾಡಿ ಓಡಿಸೋಕಾ, ವೇಷಕ್ಕಾ?"

"ವೇಷಕ್ಕೆ."

"ಹಂಗಾದ್ರೆ ಕೊಡಿ, ನೋಡೋಣ. ಓಡಿಸೋ ಹೆಲ್ಮೆಟ್ ನಾನು ಮುಟ್ಟಲ್ಲ."

ಈ ಒಂದು ಮಾತಿಗೇ ನನಗೆ ಅವರ ಮೇಲೆ ಭರವಸೆ ಬಂತು. ಬೈಕ್ ಸವಾರರ ಹೆಲ್ಮೆಟ್ಟಿಗೆ ಐಎಸ್ 4151 ಎಂಬ ಮಾನಕವಿದೆ, ಅದರ ಚಿಪ್ಪು ಪೆಟ್ಟು ತಡೆದುಕೊಳ್ಳಬೇಕು. ಪಾಲಿಕಾರ್ಬೊನೇಟ್, ಎಬಿಎಸ್‌ನಂಥ ಪ್ಲಾಸ್ಟಿಕ್ಕಿಗೆ ಬಣ್ಣ ತೆಳುಮಾಡುವ ಥಿನ್ನರ್ ತಗುಲಿದರೆ ಕಣ್ಣಿಗೆ ಕಾಣದಂಥ ಬಿರುಕು ಬಿಟ್ಟು ಚಿಪ್ಪು ದುರ್ಬಲವಾಗುತ್ತದೆ. ವೇಷದ ಶಿರಸ್ತ್ರಾಣ ಯಾರ ತಲೆಯನ್ನೂ ಕಾಯಬೇಕಾಗಿಲ್ಲ. ಹಳೆಯ ಬೈಕ್ ಹೆಲ್ಮೆಟ್ಟಿಗೇ ಬಣ್ಣ ಬಳಿದು ವೇಷ ಮಾಡಿಕೊಳ್ಳುವವರು, ದಯವಿಟ್ಟು ಅದನ್ನು ಮತ್ತೆ ರಸ್ತೆಗೆ ಹಾಕಿಕೊಂಡು ಹೋಗಬೇಡಿ.

ಆಮೇಲೆ ಮೇಸ್ತ್ರಿ ಮಾಡಿದ ಪರೀಕ್ಷೆಯನ್ನು ಪರಿಕರ ಮಾಡುವ ಎಲ್ಲರೂ ಕಲಿಯಬೇಕು ಅನ್ನಿಸಿತು. ಹತ್ತಿಬಟ್ಟೆಯ ತುದಿಯನ್ನು ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರಿನಲ್ಲಿ ಅದ್ದಿ, ಹಿಂಗತ್ತಿನ ಒಳಅಂಚಿನಲ್ಲಿ, ಹೊರಗೆ ಕಾಣದ ಜಾಗದಲ್ಲಿ ಒತ್ತಿ ಹಿಡಿದರು. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಲ್ಯಾಕರ್, ಅಂದರೆ ಥಿನ್ನರ್ ಹಾರಿಹೋಗಿ ಒಣಗುವ ಬಣ್ಣ. ಉಬ್ಬಿ ಸುಕ್ಕುಗಟ್ಟಿದರೆ ಎನಾಮೆಲ್. ಏನೂ ಆಗದೆ ಹಾಗೇ ಕೂತರೆ ಟೂ-ಕೆ, ಅಂದರೆ ಗಟ್ಟಿ ಮಾಡುವ ಹಾರ್ಡನರ್ ಕಲಸಿ ಹೊಡೆಯುವ ಎರಡು ಭಾಗದ ಬಣ್ಣ. ನಮ್ಮದರಲ್ಲಿ ಎರಡು ಹಂತ ಕಂಡಿತು: ಮೇಲಿನ ತೆಳು ಪಾರದರ್ಶಕ ಪದರ ಬಟ್ಟೆಗೆ ಅಂಟಂಟಾಗಿ ಬಂತು, ಅದರ ಕೆಳಗಿನ ಕಂಚು ಬಣ್ಣ ಮೆಲ್ಲಗೆ ಉಬ್ಬಿ ನೆರಿಗೆಯಾಯಿತು. "ಕೆಳಗೆ ಎನಾಮೆಲ್, ಮೇಲೆ ಲ್ಯಾಕರ್ ಕ್ಲಿಯರ್. ಕೆಳಗಿಂದು ಒಣಗೋಕೆ ಮುಂಚೆ ಮೇಲೆ ಹೊಡೆದವ್ರೆ. ಅದಕ್ಕೇ ಹಣೆ ಸುಕ್ಕಾಗಿದೆ" ಎಂದರು. ಎನಾಮೆಲ್ ಮುಟ್ಟಿದರೆ ಕೈಗೆ ಅಂಟದಷ್ಟು ಬೇಗ ಒಣಗುತ್ತದೆ, ಒಳಗೆ ಗಟ್ಟಿಯಾಗಲು ದಿನಗಟ್ಟಲೆ ಬೇಕು. ಆ ನಡುವೆ ಖಾರವಾದ ಲ್ಯಾಕರ್ ಥಿನ್ನರ್ ಮೇಲೆ ಬಿದ್ದರೆ, ಅರೆಬೆಂದ ಪದರ ಅದನ್ನು ಹೀರಿ ಹಿಗ್ಗುತ್ತದೆ. ಅಕ್ಕಪಕ್ಕ ಜಾಗವಿಲ್ಲದ ಕಾರಣ ಮಡಿಚಿಕೊಳ್ಳುತ್ತದೆ. ಸ್ಪ್ರೇ ಕ್ಯಾನುಗಳನ್ನು ಬೇರೆಬೇರೆ ಅಂಗಡಿಯಲ್ಲಿ ಕೊಂಡು ಒಂದರ ಮೇಲೊಂದು ಹೊಡೆಯುವವರಿಗೆ ಈ ತೊಂದರೆ ಬಂದೇ ಬರುತ್ತದೆ. ಡಬ್ಬಿಯ ಮೇಲೆ ಎನಾಮೆಲ್ಲೋ ಅಕ್ರಿಲಿಕ್ ಲ್ಯಾಕರೋ ಎಂದು ಬರೆದಿರುತ್ತಾರೆ, ಬಣ್ಣದ ಹೆಸರಿಗಿಂತ ಮೊದಲು ಅದನ್ನು ಓದಬೇಕು.

ಟೇಪಿನೊಡನೆ ಎದ್ದ ಚೂರುಗಳನ್ನು ತಿರುವಿ ನೋಡಿದರು. ಹಿಂಭಾಗ ಗಾಜಿನ ಹಾಗೆ ಹೊಳೆಯುತ್ತಿತ್ತು. ಪ್ಲಾಸ್ಟಿಕ್ಕಿನ ಮೇಲೆ ಒಂದು ಕಣ ಪ್ರೈಮರೂ ಉಳಿದಿರಲಿಲ್ಲ. ಚೂರಿನ ಹಿಂಭಾಗ ಪುಡಿಪುಡಿಯಾಗಿದ್ದು, ಪ್ಲಾಸ್ಟಿಕ್ಕಿನ ಮೇಲೂ ಅರ್ಧ ಪ್ರೈಮರ್ ಉಳಿದಿದ್ದರೆ ದೋಷ ಪ್ರೈಮರಿನದೇ: ಗನ್ ದೂರ ಹಿಡಿದು ಒಣಒಣಗಿ ಹೊಡೆದಿರುತ್ತಾರೆ. ಹೀಗೆ ನುಣ್ಣಗೆ ಎದ್ದು ಬಂದರೆ ಪ್ರೈಮರ್ ಹಿಡಿದುಕೊಳ್ಳಲು ಕೆಳಗೆ ಏನೂ ಇರಲಿಲ್ಲ ಎಂದರ್ಥ. ಪ್ರಿಂಟರಿನಿಂದ ತೆಗೆದದ್ದನ್ನು ವಾಟರ್ ಪೇಪರಿನಲ್ಲಿ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) ಉಜ್ಜದೆ, ಕೈಯ ಜಿಡ್ಡು ಒರೆಸದೆ ನೇರ ಪ್ರೈಮರ್ ಹೊಡೆದಿದ್ದಾರೆ. ಹೊಡೆದದ್ದೂ ದಪ್ಪವಾಗಿ, ಪದರದ ಮೇಲೆ ಪದರವಾಗಿ ಪ್ರಿಂಟ್ ಆಗುವಾಗ ಉಳಿಯುವ ಪದರಗೆರೆ ಮುಚ್ಚಲಿ ಎಂದು. ದಪ್ಪ ಪ್ರೈಮರ್ ಆರುತ್ತ ಕುಗ್ಗುವಾಗ ತನ್ನನ್ನೇ ಎಳೆದುಕೊಳ್ಳುತ್ತದೆ. ಹಿಡಿತವಿಲ್ಲದ ಕಡೆ ಸಿಪ್ಪೆಯಾಗಿ ನಿಲ್ಲುತ್ತದೆ.

"ಪೂರ್ತಿ ಇಳಿಸಲೇಬೇಕು ಮೇಡಂ. ಇದರ ಮೇಲೆ ನಾನು ಏನು ಹೊಡೆದರೂ ನನ್ನ ಹೆಸರು ಕೆಡುತ್ತೆ."

ಇಳಿಸುವ ಕೆಲಸದಲ್ಲಿ ಎಚ್ಚರ ಬೇಕಿತ್ತು. ಕಾರಿನ ಭಾಗವಾದರೆ ಹೀಟ್ ಗನ್ ಹಿಡಿದೋ ಪೇಂಟ್ ರಿಮೂವರ್ ಬಳಿದೋ ಬಣ್ಣ ಎಬ್ಬಿಸುತ್ತಾರೆ. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೇ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಸಾಕು, ಸೊಟ್ಟಗಾದೀತು. ಅವರಿಗೆ ಈ ಪ್ಲಾಸ್ಟಿಕ್ ಹೊಸದು. ನಾನು ಹೇಳಿದ್ದನ್ನು ಗಮನವಿಟ್ಟು ಕೇಳಿ, ನಾನು ಒಯ್ದಿದ್ದ ಪ್ರಿಂಟಿನ ಒಡೆದ ತುಂಡೊಂದರ ಮೇಲೆ ಥಿನ್ನರ್ ಬಿಟ್ಟು, ಉಗುರಿನಲ್ಲಿ ಒತ್ತಿ ನೋಡಿದರು. ಒರೆಸಿ ತೆಗೆದರೆ ಏನೂ ಇಲ್ಲ, ಹೆಚ್ಚು ಹೊತ್ತು ನೆನೆದರೆ ಮೇಲ್ಮೈ ಮೆತ್ತಗಾಗುತ್ತದೆ ಎಂದು ಅಲ್ಲೇ ಗೊತ್ತಾಯಿತು. ಹಾಗಾಗಿ ಸಡಿಲವಿದ್ದದ್ದನ್ನೆಲ್ಲ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಉಳಿದದ್ದನ್ನು 180 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿಯೇ ಉಜ್ಜಿಸಿದರು. ಒಣ ಉಜ್ಜಿದರೆ ತಿಕ್ಕಿದ ಬಿಸಿಗೇ ಪಿಎಲ್‌ಎ ಕರಗಿ ಪೇಪರಿಗೆ ಮೆತ್ತಿಕೊಳ್ಳುತ್ತದೆ. ಹುಡುಗನೊಬ್ಬ ಇದೇ ಕೆಲಸಕ್ಕೆ ಅರ್ಧ ದಿನ ಕೂತ. ಆಮೇಲೆ ಇನ್ನೂ ನುಣುಪಾದ 320. ಅಂಟಿನ ಗೆರೆ ಮತ್ತೆ ಬಾಯಿ ಬಿಡದಿರಲೆಂದು ಒಳಗಿನಿಂದ ಎಪಾಕ್ಸಿ ಅಂಟು ಬಳಿದು ಗಾಜಿನೆಳೆಯ ಬಟ್ಟೆಯ ಪಟ್ಟಿ ಕೂರಿಸುವ ಕೆಲಸವನ್ನು ನಾನೇ ಮನೆಗೆ ತಂದು ಮಾಡಿದೆ. ಅದು ಪೇಂಟಿಂಗ್ ಶೆಡ್ಡಿನ ಕೆಲಸ ಅಲ್ಲ.

ಪುಟ್ಟಿಯ ವಿಷಯದಲ್ಲಿ ಈ ಮೇಸ್ತ್ರಿಯ ಕೈಗುಣ ಎದ್ದು ಕಂಡಿತು. ಹಾರ್ಡನರ್ ಕಲಸುವ ಪಾಲಿಯೆಸ್ಟರ್ ಪುಟ್ಟಿಯನ್ನು ಅಂಟಿನ ಗೆರೆಯ ಮೇಲೆ ಮಾತ್ರ ತೆಳ್ಳಗೆ ಎಳೆದರು. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್ ಲೆಕ್ಕ. ಬೇಗ ಆಗಲಿ ಎಂದು ಹಾರ್ಡನರ್ ಜಾಸ್ತಿ ಹಾಕಿದರೆ ಅದು ಮೇಲಿನ ಬಣ್ಣಕ್ಕೆ ಏರಿ ಕಲೆಯಾಗುತ್ತದೆ. ಎನ್‌ಸಿ ಪುಟ್ಟಿಯನ್ನು ಸೂಜಿಮೊನೆಯಷ್ಟು ತೂತುಗಳಿಗಷ್ಟೇ ಹಚ್ಚಿದರು. ಅದು ಥಿನ್ನರ್ ಹಾರಿ ಹೋಗಿ ಗಟ್ಟಿಯಾಗುವ ಪುಟ್ಟಿ. ದಪ್ಪ ತುಂಬಿದರೆ ವಾರ ಕಳೆದ ಮೇಲೂ ಕುಗ್ಗುತ್ತಲೇ ಇರುತ್ತದೆ, ಫೈನಲ್ ಕೋಟ್ ಆದ ಮೇಲೆ ಗುಳಿ ಕಾಣಿಸುತ್ತದೆ. ಬಳಿಕ ಸಣ್ಣ ಗೀರು ತುಂಬಿ ಮೇಲ್ಮೈ ಸಮ ಮಾಡುವ ಟೂ-ಕೆ ಸರ್ಫೇಸರ್, ಅವರ ಡಬ್ಬಿಯ ಪ್ರಕಾರ 4 ಪಾಲಿಗೆ 1 ಪಾಲು ಹಾರ್ಡನರ್. ಒಂದೊಂದು ಕೋಟೂ ತೆಳು, ನಡುವೆ ಹೊಳಪು ಹೋಗಿ ಮಂಕಾಗುವವರೆಗೆ ಕಾಯುವುದು.

ಮರುದಿನ ನಾನು ಹೋದಾಗ ಬೂದು ಸರ್ಫೇಸರಿನ ಮೇಲೆ ಕಪ್ಪು ಬಣ್ಣವನ್ನು ಮಂಜಿನಷ್ಟು ಹಗುರಾಗಿ ಎರಚಿದ್ದರು. ಇದಕ್ಕೆ ಗೈಡ್ ಕೋಟ್ ಅನ್ನುತ್ತಾರೆ. ರಬ್ಬರ್ ಬ್ಲಾಕಿಗೆ 400 ಪೇಪರ್ ಸುತ್ತಿ ಒದ್ದೆ ಮಾಡಿ ಉಜ್ಜುತ್ತ ಹೋದರೆ ಎತ್ತರದ ಜಾಗದ ಕಪ್ಪು ಅಳಿಸಿಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ನೆತ್ತಿಯ ಬಾಗಿನಲ್ಲಿ ಪ್ರಿಂಟಿನ ಪದರಗೆರೆಗಳು ಸಣ್ಣ ಕಪ್ಪು ಉಂಗುರಗಳಾಗಿ ಒಂದರೊಳಗೊಂದು ಎದ್ದು ಕಂಡವು. ಬೆರಳಾಡಿಸಿದರೆ ಏನೂ ತಿಳಿಯುತ್ತಿರಲಿಲ್ಲ. ಪದರದ ಎತ್ತರ 0.2 ಮಿಲಿಮೀಟರ್ ಮಾತ್ರ. ಗೋಡೆ ನೆಟ್ಟಗಿರುವ ಕಡೆ ಗೆರೆ ಸಣ್ಣದು, ನೆತ್ತಿಯಂತೆ ಮೇಲ್ಮೈ ಮಲಗುತ್ತ ಬರುವ ಕಡೆ ಅದೇ ಪದರಗಳು ಮೆಟ್ಟಿಲುಗಳಾಗುತ್ತವೆ. ಅಲ್ಲಿಗೆ ಇನ್ನೊಂದು ಸುತ್ತು ಸರ್ಫೇಸರ್, ಮತ್ತೆ ಕಪ್ಪು, ಮತ್ತೆ ಬ್ಲಾಕು. ಉಂಗುರ ಒಂದೂ ಉಳಿಯದ ಮೇಲೆ 600, ಆಮೇಲೆ 800. ಇಷ್ಟೆಲ್ಲ ಮಾಡಿ ಎಂದು ನಾನು ಮೇಸ್ತ್ರಿಯನ್ನು ಕೇಳಿಯೇ ಇರಲಿಲ್ಲ. ಕಾರಿನ ಬಾನೆಟ್ಟಿಗೆ ಮಾಡುವುದನ್ನೇ ಈ ನಾಟಕದ ಸಾಮಾನಿಗೂ ಮಾಡಿದರು.

ಕೆನ್ನೆಯ ಗುಳಿಗಳಿಗೆ ಕಾರಣ ಸಿಲಿಕೋನ್ ಎಂಬ ಜಿಡ್ಡು. ಪಾಲಿಶ್, ಸೀಟ್ ಶೈನರ್, ಕೆಲವು ಹೇರ್ ಸೀರಮ್, ಹೀಗೆ ಎಲ್ಲಿಂದಲಾದರೂ ಒಂದು ಹನಿ ತಾಗಿರುತ್ತದೆ. ಒದ್ದೆ ಬಣ್ಣ ಆ ಜಾಗದಿಂದ ಹಿಂಜರಿದು ದುಂಡನೆಯ ಬಾವಿಯಾಗುತ್ತದೆ. ಮೀನಿನ ಕಣ್ಣು ಎಂದೇ ಪೇಂಟರುಗಳು ಕರೆಯುತ್ತಾರೆ. ಉಜ್ಜುವ ಮೊದಲೇ ಸಿಲಿಕೋನ್ ಒರೆಸಬೇಕು, ಇಲ್ಲದಿದ್ದರೆ ಪೇಪರೇ ಅದನ್ನು ಎಲ್ಲ ಕಡೆ ಹರಡುತ್ತದೆ. ಒಂದು ಬಟ್ಟೆಯಲ್ಲಿ ವ್ಯಾಕ್ಸ್ ರಿಮೂವರ್ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ಎತ್ತಿಬಿಡಬೇಕು. ಅದೇ ಬಟ್ಟೆಯಲ್ಲಿ ಹಿಂದೆ ಮುಂದೆ ತಿಕ್ಕಿದರೆ ಜಿಡ್ಡು ಜಾಗ ಬದಲಿಸುತ್ತದೆ, ಅಷ್ಟೇ. ಮೇಕಪ್ ಕೋಣೆಯಲ್ಲಿ ಶಿರಸ್ತ್ರಾಣ ಮುಟ್ಟುವ ನಮ್ಮ ನಟರಿಗೆ ಇದನ್ನು ನಾನು ಒತ್ತಿ ಹೇಳಿದ್ದೇನೆ. ಕೂದಲಿಗೆ ಸೀರಮ್ ಹಚ್ಚಿದ ಕೈಯಲ್ಲಿ ಬಣ್ಣ ಆಗುವ ಮುಂಚಿನ ಸಾಮಾನು ಮುಟ್ಟಬಾರದು.

ಇನ್ನು ಬಣ್ಣ. ಜೆ.ಸಿ. ರಸ್ತೆಯ ದೊಡ್ಡ ಅನುಕೂಲ ಇದೇ. ಕಾರಿನ ಪೇಂಟ್ ಮಿಕ್ಸ್ ಮಾಡಿಕೊಡುವ ಅಂಗಡಿಗಳಲ್ಲಿ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ಗ್ರಾಂ ಲೆಕ್ಕದಲ್ಲಿ ಟಿಂಟರ್ ಸುರಿದು ಬೇಕಾದ ಬಣ್ಣ ಮಾಡಿಕೊಡುತ್ತಾರೆ. ನಾನು ಮನೆಯ ಹಳೆಯ ಕಂಚಿನ ಬಟ್ಟಲನ್ನೇ ಒಯ್ದಿದ್ದೆ. ಅಂಗಡಿಯವರು ಕಂದು ಮೆಟಾಲಿಕ್ಕಿಗೆ ಹಳದಿ ತುಸು, ಕಪ್ಪು ತುಸು ಕೂಡಿಸಿ ಕಾರ್ಡಿನ ಮೇಲೆ ಹೊಡೆದು ತೋರಿಸಿದರು. ಟ್ಯೂಬ್‌ಲೈಟಿನಲ್ಲಿ ಬಟ್ಟಲಿಗೂ ಕಾರ್ಡಿಗೂ ವ್ಯತ್ಯಾಸವೇ ಇರಲಿಲ್ಲ. ಹೊರಗೆ ಬಿಸಿಲಿಗೆ ತಂದರೆ ಕಾರ್ಡ್ ಹಸಿರಿಗೆ ತಿರುಗಿತ್ತು. ರಂಗದ ಮೇಲೆ ನಮ್ಮ ಲೈಟಿಂಗಿನವರು ಹೆಚ್ಚಾಗಿ ಕಿತ್ತಳೆಹಳದಿ ಛಾಯೆಯ ಅಂಬರ್ ಬೆಳಕು ಹಾಕುವವರು. ಅದಕ್ಕೇ ಹಳೆಯ ಬಲ್ಬಿನ ಬೆಳಕಿನಡಿ ಹಿಡಿದು, ಆಮೇಲೆ ಮೊಬೈಲ್ ಟಾರ್ಚ್ ಅಡ್ಡಡ್ಡ ಹಿಡಿದು ನೋಡಿದೆ. ಮತ್ತಷ್ಟು ಕೆಂಪು ಕೂಡಿಸಿದ ಮೇಲೆ ಸರಿಹೋಯಿತು. ಹಿತ್ತಾಳೆಪುಡಿಯನ್ನು ವಾರ್ನಿಷ್‌ನಲ್ಲಿ ಕಲಸಿ ಬಳಿಯುವುದು ನಾಟಕದ ಹಳೆಯ ಪದ್ಧತಿ. ಹೊಳಪು ಅದರದೇ ಚೆಂದ, ನಾನೂ ಮೆಚ್ಚುತ್ತೇನೆ. ಆದರೆ ಕಾಲ ಕಳೆದಂತೆ ಆ ಪುಡಿ ಗಾಳಿಗೆ ಕಂದಿ ಕಪ್ಪಾಗುತ್ತದೆ. ಕಾರಿನ ಬೇಸ್‌ಕೋಟಿನಲ್ಲಿರುವ ಮಿನುಗು, ಮೇಲಿನ ಪಾರದರ್ಶಕ ಪದರವಾದ ಕ್ಲಿಯರಿನ ಕೆಳಗೆ ಹಾಗೇ ಇರುತ್ತದೆ.

ಕೆಳಗೆ ಕಪ್ಪು, ಅದರ ಮೇಲೆ ಕಂಚು. ಮೆಟಾಲಿಕ್ಕನ್ನು ಒದ್ದೆಯಾಗಿ ಹೊಡೆದರೆ ಮಿನುಗಿನ ಹಳಕುಗಳು ಈಜಾಡಿ ಒಂದೆಡೆ ಗುಂಪಾಗಿ, ಮೋಡ ಕವಿದ ಹಾಗೆ ಕಾಣುತ್ತದೆ. ಮೇಸ್ತ್ರಿ ಕೊನೆಯ ಕೋಟನ್ನು ಗನ್ ತುಸು ದೂರ ಹಿಡಿದು, ಗಾಳಿ ಹೆಚ್ಚಿಸಿ, ಹನಿಸುವಂತೆ ಹೊಡೆದರು. ಮೂಗಿನ ಪಟ್ಟಿಯ ಎರಡೂ ಬದಿ, ಕಣ್ಣಿನ ಕಿಂಡಿಯ ಅಂಚು ಮೊದಲು, ದೊಡ್ಡ ಬಾಗು ಕೊನೆಗೆ. ಕಿಂಡಿಯ ಅಂಚುಗಳಲ್ಲಿ ಬಣ್ಣ ಒಂದಿಷ್ಟೂ ಕಟ್ಟಿಕೊಂಡಿಲ್ಲ. ನಾನು ಈವರೆಗೆ ಮಾಡಿಸಿದ ಯಾವ ಶಿರಸ್ತ್ರಾಣದಲ್ಲೂ ಇಷ್ಟು ಚೊಕ್ಕ ಅಂಚು ಸಿಕ್ಕಿರಲಿಲ್ಲ.

ಕ್ಲಿಯರ್ ಬಗ್ಗೆ ನಮ್ಮಿಬ್ಬರಿಗೂ ಒಂದಿಷ್ಟು ವಾದವಾಯಿತು. ಅವರಿಗೆ ಪೂರ್ತಿ ಹೊಳಪು ಇಷ್ಟ, ಕಾರಿನವರಲ್ಲವೇ. ರಂಗದ ಮೇಲೆ ಅಂಥ ಮೇಲ್ಮೈ ಕನ್ನಡಿಯಾಗಿ ಲೈಟನ್ನು ಪ್ರೇಕ್ಷಕರ ಕಣ್ಣಿಗೇ ಎಸೆಯುತ್ತದೆ, ಲೋಹ ಪ್ಲಾಸ್ಟಿಕ್ಕಾಗಿ ಕಾಣುತ್ತದೆ. ಬಡಿದ ಕಂಚಿಗೆ ಅರೆಮಂಕು ಹೊಳಪೇ ಸರಿ. ಹೊಳಪು ತಗ್ಗಿಸುವ ಮ್ಯಾಟಿಂಗ್ ಬೇಸ್ ಕೂಡಿಸಿ ಅರೆಮಂಕಾದ ಸ್ಯಾಟಿನ್ ಮಾಡಿಕೊಡಿ ಎಂದೆ. ಒಂದು ಕಾರ್ಡಿನ ಮೇಲೆ ಹೊಡೆದು ತೋರಿಸಿ, ನಾನು ಒಪ್ಪಿದ ಮೇಲೆಯೇ ಶಿರಸ್ತ್ರಾಣಕ್ಕೆ ಹೊಡೆದರು. ಸ್ಯಾಟಿನ್‌ಗೆ ಒಂದು ತೊಡಕಿದೆ: ದೂಳು ಕೂತರೆ ಉಜ್ಜಿ ಬಫ್ ಮಾಡುವಂತಿಲ್ಲ, ಬಫ್ ಮಾಡಿದ ಜಾಗ ಹೊಳೆದುಬಿಡುತ್ತದೆ. ನಮ್ಮದರ ಹಿಂಗತ್ತಿನ ಮೇಲೆ ಎರಡು ದೂಳಿನ ಕಣ ಇವೆ. ಬಾಗಿಲಿಲ್ಲದ ಶೆಡ್ಡಿನಲ್ಲಿ ಅದಕ್ಕಿಂತ ಕಡಿಮೆ ನಿರೀಕ್ಷಿಸುವುದು ನ್ಯಾಯವಲ್ಲ. ಒಣಗಿ ಗಟ್ಟಿಯಾದ ಮೇಲೆ ಕಡುಕಂದು ಅಕ್ರಿಲಿಕ್ ಬಣ್ಣವನ್ನು ನೀರಾಗಿ ಕಲಸಿ ಹುಬ್ಬಿನ ಕೆಳಗೆ, ಮೊಳೆಗಳ ಸುತ್ತ ಇಳಿಬಿಟ್ಟು ಒರೆಸುವ ಕೆಲಸವನ್ನು ನಾನೇ ಮಾಡಿಕೊಂಡೆ. ಹಳೆಯದಾದ ನೋಟ ಬರುವುದು ಅದರಿಂದ. ಎಷ್ಟು ಹಳೆಯದು ಎನ್ನುವುದು ನಾಟಕ ಓದಿದವರ ತೀರ್ಮಾನ, ಪೇಂಟರಿಗೆ ಬಿಡುವಂಥದ್ದಲ್ಲ.

ಹೇಳಲೇಬೇಕಾದ ಕೊರತೆಗಳೂ ಇವೆ. ಎಲ್ಲಕ್ಕಿಂತ ನನ್ನ ಮನಸ್ಸಿಗೆ ಚುಚ್ಚಿದ್ದು, ಟೂ-ಕೆ ಹೊಡೆಯುವಾಗ ಹುಡುಗರು ಮೂಗಿಗೆ ಬರೀ ಟವೆಲ್ ಸುತ್ತಿಕೊಂಡಿದ್ದರು. ಆ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದು ಶ್ವಾಸಕ್ಕೆ ಹೋಗುತ್ತಿದ್ದರೆ ಆಸ್ತಮಾ ಹಿಡಿಯಬಹುದು. ಬಟ್ಟೆ ಅದನ್ನು ತಡೆಯುವುದಿಲ್ಲ. ಅಲ್ಲೇ ಮೇಸ್ತ್ರಿಗೆ ಹೇಳಿದೆ. ಕೆಲಸ ಕೊಡುವ ನಾವು ಕೂಲಿಯ ಜೊತೆ ಆವಿ ಸೋಸುವ ಕಾರ್ಟ್ರಿಜ್ ಮಾಸ್ಕನ್ನೂ ಕೊಡಬೇಕು, ಹಾಕಿಕೊಳ್ಳುವಂತೆ ಒತ್ತಾಯವನ್ನೂ ಮಾಡಬೇಕು ಎಂದು ನನ್ನ ಅಭಿಪ್ರಾಯ. ನಾನು ಒಯ್ದುಕೊಟ್ಟ ಮಾಸ್ಕನ್ನು ಆಮೇಲಿನ ದಿನಗಳಲ್ಲಿ ಹಿರಿಯ ಹುಡುಗ ಹಾಕಿಕೊಂಡಿದ್ದನ್ನು ಕಂಡೆ.

ಎರಡನೆಯದು ದಿನಾಂಕ. ಒಪ್ಪಿದ ದಿನಕ್ಕೆ ಕೊಡಲಿಲ್ಲ. ಅರ್ಧ ಕಾರಣ ಕಾರಿನ ಗಿರಾಕಿಗಳು. ಅವರ ಬಂಪರ್ ಬಂದರೆ ನಮ್ಮ ಶಿರಸ್ತ್ರಾಣ ಹಗ್ಗಕ್ಕೆ ಹೋಗುತ್ತದೆ. ಇನ್ನರ್ಧ ಮಳೆ. ಗಾಳಿಯಲ್ಲಿ ತೇವ ತುಂಬಿರುವಾಗ ಬೇಗ ಆರುವ ಥಿನ್ನರ್ ಮೇಲ್ಮೈಯನ್ನು ತಂಪು ಮಾಡುತ್ತದೆ, ಅಲ್ಲಿ ನೀರಿನ ಪಸೆ ಕೂತು ಬಣ್ಣ ಬೆಳ್ಳಗಾಗುತ್ತದೆ. ನಿಧಾನ ಆರುವ ರಿಟಾರ್ಡರ್ ಕೂಡಿಸಿ ಹೊಡೆಯಬಹುದು, ಆದರೆ ಆ ಸಂಜೆ ಸುರಿಯುತ್ತಿದ್ದ ಮಳೆಯಲ್ಲಿ ಗನ್ ಎತ್ತಲು ಮೇಸ್ತ್ರಿ ಒಪ್ಪಲೇ ಇಲ್ಲ. ಗ್ರ್ಯಾಂಡ್ ರಿಹರ್ಸಲ್‌ನಲ್ಲಿ ನಮ್ಮ ದಂಡನಾಯಕ ಬೂದು ಸರ್ಫೇಸರಿನಲ್ಲೇ ನಿಂತ. ಆವತ್ತು ಸಿಟ್ಟು ಬಂದಿತ್ತು. ಈಗ ನೋಡಿದರೆ, ಒಲ್ಲೆ ಎಂದದ್ದೇ ಒಳ್ಳೆಯದಾಯಿತು. ಬಿಲ್ಲು ಕೊಡುವುದಿಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ. ತಂಡದ ಲೆಕ್ಕಪತ್ರಕ್ಕೆ ಅದು ತೊಂದರೆಯೇ. ಒಳಭಾಗಕ್ಕೆ ಕಾಗದ ಕಟ್ಟಿ ಮರೆಮಾಡಿ ಎಂದು ಹೇಳಿದ್ದರೂ ಕಿಂಡಿಗಳಿಂದ ಒಳಗೆ ಬಣ್ಣ ನುಗ್ಗಿತ್ತು, ಉಜ್ಜಿ ತೆಗೆಯಬೇಕಾಯಿತು. ಮುಖಕ್ಕೆ ಒತ್ತಿಕೊಂಡಿರುವ ಸಾಮಾನು ಇದು, ನಟ ಅದರೊಳಗೇ ಉಸಿರಾಡಬೇಕು, ಮಾತಾಡಬೇಕು. ಬಣ್ಣ ಮುಗಿದ ಮೇಲೂ ವಾರದಷ್ಟು ಗಾಳಿಗಿಟ್ಟು, ವಾಸನೆ ಪೂರ್ತಿ ಹೋದ ಮೇಲೆಯೇ ಇವಿಎ ಫೋಮ್ ಮತ್ತು ಹತ್ತಿಬಟ್ಟೆಯ ಅಸ್ತರಿ ಹಾಕಿದೆ. ಕೊರಿಂಥಿಯನ್ ಮಾದರಿ ಕಿವಿಯನ್ನೂ ಮುಚ್ಚುತ್ತದೆ, ಹಾಗಾಗಿ ನಟನಿಗೆ ಎದುರಿನವನ ಮಾತು ಕೇಳಲೆಂದು ಬದಿಯ ಫೋಮಿನಲ್ಲಿ ತೂತು ಬಿಟ್ಟೆ.

ಇದರ ಜೊತೆಗೇ ಸೈನಿಕರ ಹಳೆಯ ಫೈಬರ್ ಶಿರಸ್ತ್ರಾಣಗಳನ್ನೂ ಕೊಟ್ಟಿದ್ದೆ. ಅವುಗಳ ಕಥೆ ಚಿಕ್ಕದು. ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣವನ್ನು ಯಾರೂ ತೊಳೆದಿರಲಿಲ್ಲ, ಬಣ್ಣ ಉದುರುತ್ತಿತ್ತು. ಒರೆಸಿ, ಉಜ್ಜಿ, ಸೂಜಿತೂತು ತುಂಬಿ, ಸರ್ಫೇಸರ್ ಹೊಡೆದು ಅದೇ ಕಂಚು ಹಾಕಿಕೊಟ್ಟರು. ಫೈಬರ್ ಅವರಿಗೆ ದಿನಬಳಕೆಯ ಕೆಲಸ, ಬೇಗ ಮುಗಿಯಿತು.

ದಂಡನಾಯಕನದಕ್ಕೆ ಬಣ್ಣ, ಸರ್ಫೇಸರ್, ಕೂಲಿ ಎಲ್ಲ ಸೇರಿ 3,200 ರೂಪಾಯಿ ತೆಗೆದುಕೊಂಡರು. ಬಣ್ಣ ಮಿಕ್ಸ್ ಮಾಡಿಸಿದ್ದು ಇದರೊಳಗೇ. ಹೆಚ್ಚಾಯಿತು ಎಂದು ತಂಡದಲ್ಲಿ ಮಾತು ಬಂತು. ಇಳಿಸಿ ಉಜ್ಜಿದ ಕೂಲಿಯನ್ನು ಎದುರು ಕೂತು ನೋಡಿದ ನನಗೆ ಹಾಗೆ ಅನ್ನಿಸುವುದಿಲ್ಲ. ಚಿಕ್ಕ ಕೆಲಸ, ಒಂದು ಕತ್ತಿಯ ಹಿಡಿ, ಒಂದು ಪದಕ, ಇಂಥವಕ್ಕೆ ಅಲ್ಲಿಗೆ ಹೋಗಬೇಕಾಗಿಲ್ಲ. ಒಂದೇ ಕಂಪನಿಯ, ಒಂದೇ ಜಾತಿಯ ಪ್ರೈಮರ್, ಬಣ್ಣ, ಕ್ಲಿಯರ್ ಸ್ಪ್ರೇ ಕ್ಯಾನ್ ಕೊಂಡು, 25 ಸೆಂಟಿಮೀಟರ್ ದೂರದಿಂದ ತೆಳುವಾಗಿ ಹೊಡೆದರೆ ಮನೆಯ ಮಹಡಿಯ ಮೇಲೇ ಆಗುತ್ತದೆ. ದೊಡ್ಡ ನುಣುಪು ಮೇಲ್ಮೈ ಇದ್ದು, ಕೈಯಿಂದ ಕೈಗೆ ದಾಟುವ, ಬೆವರು ತಾಗುವ ಸಾಮಾನಿಗೆ ಟೂ-ಕೆ ಬೇಕೇ ಬೇಕು.

ಪ್ರದರ್ಶನಗಳಾದ ಮೇಲೆ ಬೆಳಕಿಗೆ ಹಿಡಿದು ನೋಡಿದ್ದೇನೆ. ಅಂಟಿನ ಗೆರೆ ಮೇಲೆ ಬಂದಿಲ್ಲ. ಟೇಪ್ ಅಂಟಿಸಿ ಕಿತ್ತರೆ ಬರೀ ಟೇಪ್ ಬರುತ್ತದೆ. ನಟ ಪ್ರತಿ ಸಲ ಹಿಡಿದೆತ್ತುವ ಮೂಗಿನ ಪಟ್ಟಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಹೋಗಿ ಕಪ್ಪು ಬೇಸ್ ಕಾಣುತ್ತಿದೆ. ಅದನ್ನು ಸರಿಮಾಡಿಸಿಲ್ಲ, ಬಳಸಿದ ಶಿರಸ್ತ್ರಾಣ ಅಲ್ಲೇ ಸವೆಯಬೇಕು.

ಹೋಗುವವರು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ, ಆಗ ಶೆಡ್ಡಿನಲ್ಲಿ ಮಾತಾಡಲು ಪುರುಸೊತ್ತಿರುತ್ತದೆ. ಗಾಡಿ ನಿಲ್ಲಿಸಲು ಗಲ್ಲಿಯಲ್ಲಿ ಜಾಗ ಇಲ್ಲ. ಸಾಮಾನು ಯಾವ ಪ್ಲಾಸ್ಟಿಕ್ಕಿನದು ಎಂದು ತಿಳಿದುಕೊಂಡು, ಅದೇ ಪ್ಲಾಸ್ಟಿಕ್ಕಿನ ಒಂದು ರದ್ದಿ ತುಂಡನ್ನೂ ಒಯ್ಯಿರಿ. ಪ್ರದರ್ಶನದ ದಿನಾಂಕಕ್ಕಿಂತ ಎರಡು ವಾರ ಮುಂಚಿನ ದಿನ ಹೇಳಿ. ಮಳೆಗಾಲವಾದರೆ ಮೂರು. ಶೆಡ್ಡಿನವರು ಸಾಮಾನನ್ನು ಕೈಗೆ ತೆಗೆದುಕೊಂಡು ತಿರುವಿ ನೋಡದೆ ರೇಟ್ ಹೇಳಿದರೆ ಮುಂದಿನ ಶೆಡ್ಡಿಗೆ ನಡೆಯಿರಿ. ನಮ್ಮ ಮುಂದಿನ ನಾಟಕದ ಗುರಾಣಿಗಳು ಆಗಲೇ ಅದೇ ಮೇಸ್ತ್ರಿಯ ಹತ್ತಿರ ಇವೆ, ಮುಂಗಡವಾಗಿ 1,000 ರೂಪಾಯಿಯನ್ನೂ ಎರಡು ಮಾಸ್ಕುಗಳನ್ನೂ ಕೊಟ್ಟು ಬಂದಿದ್ದೇನೆ.